ಪುಟ್ಟ ಡಬ್ಬದಲ್ಲಿ ಗೇಮಿಂಗ್ ಕಂಪ್ಯೂಟರ್: ಮೊದಲು ಅಳತೆಪಟ್ಟಿ, ಆಮೇಲೆ ಸ್ಕ್ರೂಡ್ರೈವರ್

ದೊಡ್ಡ ಕಂಪ್ಯೂಟರ್ ಜೋಡಿಸುವಾಗ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಮೊದಲು ನೋಡುತ್ತೇವೆ. ಕೇಸ್ ಕೊನೆಗೆ. ಹೇಗೂ ಎಲ್ಲ ಹಿಡಿಸುತ್ತದೆ. ಪುಟ್ಟ ಕಂಪ್ಯೂಟರ್‌ನಲ್ಲಿ ಈ ಲೆಕ್ಕ ತಲೆಕೆಳಗು. ಇಲ್ಲಿ ಕೇಸೇ ಯಜಮಾನ, ಮಿಕ್ಕವೆಲ್ಲ ಅದರ ಮಾತು ಕೇಳಬೇಕು.

ಸಾಮಾನ್ಯವಾಗಿ 20 ಲೀಟರಿಗಿಂತ ಚಿಕ್ಕ ಕೇಸನ್ನು ಪುಟ್ಟದು ಅನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್ ಬೇಕು. ಅದರ ಅಳತೆ 170 ಮಿ.ಮೀ. ಉದ್ದ, ಅಷ್ಟೇ ಅಗಲ. ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಲಾಟ್, ರ್ಯಾಮ್‌ಗೆ ಹೆಚ್ಚಾಗಿ ಎರಡೇ. ಹಾಗಾಗಿ 16 ಜಿಬಿಯ ಎರಡು ರ್ಯಾಮ್ ಇರುವ ಜೋಡಿಯನ್ನೇ ಕೊಳ್ಳಿ. ಆಮೇಲೆ ಸೇರಿಸೋಣ ಅಂದರೆ ಜಾಗವಿರುವುದಿಲ್ಲ.

ಕೇಸಿನ ವಿವರದಲ್ಲಿ ಮೂರು ಅಳತೆ ಬರೆದುಕೊಳ್ಳಿ: ಕಾರ್ಡ್ ಎಷ್ಟು ಉದ್ದವಿರಬಹುದು, ಎಷ್ಟು ದಪ್ಪವಿರಬಹುದು, ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಎಷ್ಟು ಎತ್ತರವಿರಬಹುದು. ನಾನು ಒಮ್ಮೆ ಉದ್ದ ಮಾತ್ರ ನೋಡಿ ಕಾರ್ಡ್ ತಂದೆ. ಸರಿಯಾಗಿಯೇ ಕೂತಿತು. ಆದರೆ ಕಾರ್ಡಿನ ಅಂಚಿನಿಂದ ಹೊರಟ ಪವರ್ ಕೇಬಲ್ ಎದ್ದು ನಿಂತು ಪಕ್ಕದ ಬಾಗಿಲು ಮುಚ್ಚಲೇ ಇಲ್ಲ! ಕೇಬಲ್ ಬಾಗಲು ಸುಮಾರು 35 ಮಿ.ಮೀ. ಬೇರೆಯೇ ಬಿಡಬೇಕು. 12 ಪಿನ್‌ಗಳ ಹೊಸ ಕನೆಕ್ಟರ್ ಆದರಂತೂ ಬುಡದಲ್ಲೇ ಮಡಚಬೇಡಿ, ಬಿಸಿಯಾಗಿ ಕರಗುವ ಅಪಾಯವಿದೆ.

ಕೆಲವು ಕೇಸ್‌ಗಳಲ್ಲಿ ಬೋರ್ಡ್ ಒಂದು ಕಡೆ, ಕಾರ್ಡ್ ಅದರ ಬೆನ್ನಿಗೆ. ನಡುವೆ ಎರಡನ್ನೂ ಬೆಸೆಯುವ ರೈಸರ್ ಕೇಬಲ್. ಈ ಕೇಬಲ್ ಪಿಸಿಐಇ (ಕಾರ್ಡ್ ಬೋರ್ಡಿನೊಡನೆ ಮಾತಾಡುವ ಸಂಪರ್ಕ) 3ನೇ ತಲೆಮಾರಿನದಾಗಿ ಕಾರ್ಡ್ 4ರದ್ದಾದರೆ ಪರದೆ ಕಪ್ಪಗೇ ಉಳಿಯಬಹುದು. ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಆ ಸ್ಲಾಟನ್ನು ಜೆನ್ 3ಕ್ಕೆ, ಅಂದರೆ 3ನೇ ತಲೆಮಾರಿಗೆ, ಇಳಿಸಿದರೆ ಸಾಕು. ಕಾರ್ಡ್ ಕೆಟ್ಟಿದೆ ಅಂತ ಸುಮ್ನೆ ಅಂಗಡಿಗೆ ಓಡಬೇಡಿ.

ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಅಳತೆಯದು: 125 ಮಿ.ಮೀ. ಅಗಲ, 100 ಮಿ.ಮೀ. ಆಳ. ಎಸ್‌ಎಫ್‌ಎಕ್ಸ್-ಎಲ್ ಆದರೆ ಆಳ 130. ಆ 30 ಮಿ.ಮೀ. ಇಲ್ಲಿ ಸಣ್ಣದಲ್ಲ, ಕೇಬಲ್ ತುರುಕುವ ಜಾಗವೇ ಅದು. ಕಾರ್ಡ್ 220 ವ್ಯಾಟ್, ಪ್ರೊಸೆಸರ್ 90, ಉಳಿದದ್ದಕ್ಕೆಲ್ಲ 50 ಅಂದುಕೊಂಡರೆ 360 ಆಯಿತು. 600 ವ್ಯಾಟ್ ಇದ್ದರೆ ನೆಮ್ಮದಿ. ಹಳೆಯ ಪವರ್ ಸಪ್ಲೈನ ಕೇಬಲ್‌ಗಳನ್ನು ಹೊಸದಕ್ಕೆ ಹಾಕಲೇಬೇಡಿ. ಪ್ಲಗ್ ಕೂತರೂ ಒಳಗಿನ ವೈರಿಂಗ್ ಬೇರೆ ಇರಬಹುದು, ಬಿಡಿಭಾಗ ಸುಟ್ಟುಹೋಗಬಹುದು.

ಪ್ರೊಸೆಸರ್ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಗೇಮ್‌ನ ಭಾರ ಹೆಚ್ಚಾಗಿ ಹೊರುವುದು ಕಾರ್ಡ್. 65 ವ್ಯಾಟ್ ಎಂದು ಬರೆದಿರುವುದು ಸಾಕು (ಭಾರ ಬಿದ್ದಾಗ ಅದಕ್ಕಿಂತ ಹೆಚ್ಚು ಎಳೆಯಬಹುದು, ಮೇಲೆ 90 ಅಂದದ್ದು ಅದಕ್ಕೇ), ಗಿಡ್ಡ ಕೂಲರ್ ಅದನ್ನು ನಿಭಾಯಿಸುತ್ತದೆ. ಲೈಟು, ರೆಕ್ಕೆ ಇರುವ ಎತ್ತರದ ರ್ಯಾಮ್ ಬೇಡ. ಕೂಲರಿಗೆ ತಾಗುತ್ತದೆ.

ಈಗ ಜೋಡಣೆ. ಕೇಸಿನೊಳಗೆ ಕೈ ಹೋಗುವುದಿಲ್ಲ ಅಲ್ವಾ? ಅದಕ್ಕೇ ಆದಷ್ಟನ್ನೂ ಹೊರಗೇ ಮುಗಿಸಿ. ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಳಿಸಿ, ಒತ್ತಬೇಡಿ. ರ್ಯಾಮ್ ಟಕ್ ಅನ್ನುವವರೆಗೆ ಒತ್ತಿ. ಎಸ್‌ಎಸ್‌ಡಿಯ (ಗೇಮ್, ಫೈಲ್ ಉಳಿಯುವ ಡ್ರೈವ್) ಎರಡನೇ ಸ್ಲಾಟ್ ಹಲವು ಬೋರ್ಡ್‌ಗಳಲ್ಲಿ ಹಿಂಬದಿಗಿರುತ್ತದೆ. ಅಲ್ಲಿಗೆ ಎಸ್‌ಎಸ್‌ಡಿ ಈಗಲೇ ಹಾಕದಿದ್ದರೆ ಮುಂದೆ ಎಲ್ಲ ಬಿಚ್ಚಬೇಕು. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು, ಪ್ರೊಸೆಸರಿನ ಮೇಲೆ ಕಾಳಿನಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರಿಗೆ ದಾಟಿಸುವ ಅಂಟು) ಹಾಕಿ, ಎದುರು ಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆ ಹಾಳೆ ಮರೆತವರಲ್ಲಿ ನಾನೂ ಒಬ್ಬ.

ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಇಲ್ಲೇ ಒಮ್ಮೆ ಆನ್ ಮಾಡಿ ನೋಡಿ. ಇಂಟೆಲ್‌ನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದು ಇರುವುದಿಲ್ಲ. ಡಿಡಿಆರ್5 ಬಗೆಯ ರ್ಯಾಮ್ ಮೊದಲ ಸಲ ತನ್ನನ್ನು ತಾನೇ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಖಾಲಿ ಅಂತ ಗಾಬರಿಯಾಗಿ ಆಫ್ ಮಾಡಬೇಡಿ.

ಆಮೇಲೆ ಕೇಸಿಗೆ ಪವರ್ ಸಪ್ಲೈ, ನಂತರ ಬೋರ್ಡ್. ಮೂಲೆಯಲ್ಲಿರುವ ಪ್ರೊಸೆಸರಿನ 8 ಪಿನ್ ಕೇಬಲ್, ಪವರ್ ಬಟನ್ನಿನ ಸಣ್ಣ ವೈರುಗಳು ಮೊದಲು. ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕಿಂತ ಕೊನೆಗೆ. ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚಿ, ಬೋರ್ಡಿಗಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ ರ್ಯಾಮ್ ನಿಧಾನಗತಿಯಲ್ಲೇ ಓಡುತ್ತದೆ.

ಭಾರದ ಗೇಮ್ ಒಂದನ್ನು ಅರ್ಧ ಗಂಟೆ ಆಡಿ ಬಿಸಿ ಎಷ್ಟಿದೆ ನೋಡಿ. ಜಾಸ್ತಿ ಅನ್ನಿಸಿದರೆ ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯಬಹುದಾದ ವಿದ್ಯುತ್ತಿನ ಮಿತಿ) ಸ್ವಲ್ಪ ಇಳಿಸಿ. ವೇಗ ಕಳೆದುಕೊಳ್ಳುವುದು ಅಲ್ಪವೇ, ಫ್ಯಾನಿನ ಸದ್ದು ಮಾತ್ರ ಚೆನ್ನಾಗಿ ತಗ್ಗುತ್ತದೆ. ಕರಕರ ಸದ್ದು ಬಂದರೆ ಹೆಚ್ಚಾಗಿ ಯಾವುದೋ ವೈರು ಫ್ಯಾನಿಗೆ ತಾಗುತ್ತಿರುತ್ತದೆ. ಆಫ್ ಮಾಡಿ, ಬಾಗಿಲು ತೆಗೆದು, ಅದನ್ನು ಹಿಂದಕ್ಕೆಳೆದು ಕಟ್ಟಿ.