ಐವತ್ತರ ಮೇಲೆ ನೌಕರಿ ಹೋದಾಗ: ಕಾರ್ಖಾನೆಯಿಂದ ಮೋಟರ್ ವೈಂಡಿಂಗ್ ಅಂಗಡಿಗೆ

ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕಡೆಯ ಕಾರ್ಖಾನೆಗಳಲ್ಲಿ ಮೆಂಟೆನನ್ಸ್ ಕೆಲಸದಲ್ಲಿದ್ದವರಿಗೆ ಐವತ್ತು ದಾಟಿದ ಮೇಲೆ ನೌಕರಿ ಹೋದರೆ ಅದೇ ಪಗಾರದ ಇನ್ನೊಂದು ನೌಕರಿ ಸಿಗುವುದು ಕಷ್ಟ. ಇದನ್ನು ಮೊದಲ ತಿಂಗಳಲ್ಲೇ ಒಪ್ಪಿಕೊಂಡರೆ ಅರ್ಜಿ ಹಾಕುತ್ತ, ಫೋನು ಬರುವುದನ್ನು ಕಾಯುತ್ತ ಕಳೆಯುವ ಕಾಲ ಉಳಿಯುತ್ತದೆ. ನಾನು ಕಾರ್ಖಾನೆಯ ಎಲೆಕ್ಟ್ರಿಕಲ್ ಮೆಂಟೆನನ್ಸಿನಿಂದ ಮೋಟರ್ ವೈಂಡಿಂಗ್ (ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು), ಪಂಪ್ ದುರಸ್ತಿಗೆ ಬಂದವನು. ಅದೇ ದಾರಿಯಲ್ಲಿ ನಿಂತವರಿಗೆ ಉಪಯೋಗವಾಗಲಿ ಎಂದು ಮಾಡಿದ ಕ್ರಮವನ್ನೇ ಬರೆಯುತ್ತಿದ್ದೇನೆ.

ಮೊದಲು ಸಹಿಯ ವಿಚಾರ. "ರಾಜೀನಾಮೆ ಬರೆದುಕೊಡ್ರಿ, ಲೆಕ್ಕ ಲಗೂನ ಮುಗಸ್ತೀವಿ" ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ರಾಜೀನಾಮೆಗೆ ಸಹಿ ಹಾಕಿದರೆ ನೀವಾಗಿಯೇ ಬಿಟ್ಟಂತೆ. ಛಾಟಣಿಯ (ಕೆಲಸ ಇಲ್ಲವೆಂದು ತೆಗೆದದ್ದರ) ಪರಿಹಾರ ಅಲ್ಲಿಗೆ ಹೋಯಿತು. ಒಂದು ವರ್ಷವಾದರೂ ಸತತ ಸೇವೆ ಇರುವ ಕಾರ್ಮಿಕನನ್ನು ಕೆಲಸ ಇಲ್ಲವೆಂದು ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಪಗಾರ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಸೂಪರ್‌ವೈಸರ್ ಎಂದು ಹುದ್ದೆ ಬರೆದಿದ್ದರೆ ಈ ಹಕ್ಕಿನ ಮೇಲೆ ತಕರಾರು ಬರುತ್ತದೆ. ಆದ್ದರಿಂದ ದಿನವೂ ಮಾಡುತ್ತಿದ್ದ ಕೆಲಸದ ಸ್ವರೂಪ ತೋರಿಸುವ ಲಾಗ್ ಪುಸ್ತಕದ ಪುಟ, ಕೆಲಸದ ಆದೇಶ ಇಂಥವುಗಳ ನಕಲು ಇರಲಿ. ಯಾವ ಕಾಗದಕ್ಕೂ ಅದೇ ದಿನ ಸಹಿ ಹಾಕಬೇಡಿ. ಒಂದು ಪ್ರತಿ ಮನೆಗೆ ತಂದು, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ತೋರಿಸಿದ ಮೇಲೆ ನಿರ್ಧಾರ ಮಾಡಿ.

ಗ್ರಾಚ್ಯುಟಿ ಇದಕ್ಕಿಂತ ಬೇರೆ. ರಾಜೀನಾಮೆ ಕೊಟ್ಟರೂ ಐದು ವರ್ಷ ತುಂಬಿದ್ದರೆ ಬರುತ್ತದೆ. ಲೆಕ್ಕ ಮನೆಯಲ್ಲೇ ಹಾಕಬಹುದು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ದಾಟಿದ ತುಂಡು ಪೂರ್ತಿ ವರ್ಷ. ಮೂಲ ವೇತನ ಮತ್ತು ಭತ್ಯೆ 26,000, ಸೇವೆ 22 ವರ್ಷ 7 ತಿಂಗಳು ಇದ್ದರೆ 1,000 × 15 × 23, ಅಂದರೆ 3,45,000 ರೂಪಾಯಿ. ಇದನ್ನು 30 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ.

ಪಿಎಫ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಸರು, ಜನ್ಮದಿನಾಂಕ ಆಧಾರಿಗೆ ಹೊಂದದೆ ಇರುವುದರಿಂದ. ಅದರ ತಿದ್ದುಪಡಿ, ಕೆಲಸ ಬಿಟ್ಟ ದಿನಾಂಕದ ದಾಖಲೆ, ಇವೆರಡನ್ನೂ ಕಚೇರಿಯವರು ಇನ್ನೂ ನಿಮ್ಮ ಮುಖ ಗುರುತಿಸುವ ದಿನಗಳಲ್ಲೇ ಮಾಡಿಸಿಕೊಳ್ಳಿ. ಹತ್ತು ವರ್ಷ ತುಂಬಿದ್ದರೆ 58ಕ್ಕೆ ಪಿಂಚಣಿ ಇದೆ. ಐವತ್ತಾದ ಮೇಲೆ ಮೊದಲೇ ಪಡೆಯಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೆ ಶೇ. 4ರಂತೆ ಕಡಿತವಾಗಿ, ಆ ಕಡಿತ ಜೀವನಪರ್ಯಂತ ಉಳಿಯುತ್ತದೆ. ಅವಸರ ಬೇಡ. ಆರೋಗ್ಯ ವಿಮೆಗೆ ಮಾತ್ರ ಅವಸರ ಬೇಕು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಸೇವೆಯಲ್ಲಿರುವಾಗಲೇ ಕೇಳಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಹೊಸದಾಗಿ ಮಾಡಿಸಿದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮನೆಯಲ್ಲಿ ಹೇಳುವುದನ್ನು ಮುಂದೂಡಬೇಡಿ. ಬುತ್ತಿ ಕಟ್ಟಿಸಿಕೊಂಡು ಹೋಗಿ ಇಂದಿರಾ ಗಾಜಿನ ಮನೆಯ ಉದ್ಯಾನದಲ್ಲಿ ಸಂಜೆ ಮಾಡುವುದು ಯಾರಿಗೂ ಬರಬಾರದ ಸ್ಥಿತಿ. ತಿಂಗಳ ಖರ್ಚು, ಸಾಲದ ಕಂತು, ಮಕ್ಕಳ ಫೀ, ಬರಬೇಕಾದ ರೊಕ್ಕ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಹೆಂಡತಿ ಮಕ್ಕಳ ಮುಂದೆ ಇಟ್ಟರೆ ಮನೆಯವರೇ ಅರ್ಧ ಭಾರ ಹೊರುತ್ತಾರೆ. ಆ ಹಾಳೆಯಿಂದಲೇ ಬಂಡವಾಳದ ಮಿತಿಯೂ ಹೊರಡುತ್ತದೆ. ಒಂದು ವರ್ಷದ ಮನೆ ಖರ್ಚು ಪ್ರತ್ಯೇಕ ಖಾತೆಗೆ ಹೋಗಬೇಕು, ಅದನ್ನು ಅಂಗಡಿಗೆ ಮುಟ್ಟುವಂತಿಲ್ಲ. ಕೈಗೆ ಬಂದ ಒಟ್ಟು ಹಣದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊಸ ಕೆಲಸಕ್ಕೆ ಹಾಕಬಾರದು ಎಂಬುದು ನನ್ನ ನಿಯಮ. ಮೂವತ್ತರಲ್ಲಿ ಕಳೆದುಕೊಂಡ ರೊಕ್ಕ ಮತ್ತೆ ದುಡಿಯಬಹುದು, ಐವತ್ತೈದರಲ್ಲಿ ಅಷ್ಟು ವರ್ಷ ಕೈಯಲ್ಲಿರುವುದಿಲ್ಲ.

ಯಾವ ಕೆಲಸ ಎಂಬುದಕ್ಕೆ ನಾನು ಹಿಡಿದ ದಾರಿ ಇಷ್ಟು: ಹುದ್ದೆಯ ಹೆಸರು ಬಿಟ್ಟು, ಕೈಯಾರೆ ಮಾಡುತ್ತಿದ್ದ ಕೆಲಸಗಳನ್ನು ಮಾತ್ರ ಪಟ್ಟಿ ಮಾಡಿದೆ. ಪ್ಯಾನೆಲ್ ದೋಷ ಹುಡುಕುವುದು, ಬೇರಿಂಗ್ ಬದಲಿಸುವುದು, ಮೋಟರ್ ಬಿಚ್ಚಿ ಕೂಡಿಸುವುದು, ಪಂಪ್ ಅಲೈನ್‌ಮೆಂಟ್, ಹೀಗೆ. ಪ್ರತಿಯೊಂದರ ಮುಂದೆ, ಸುತ್ತಲಿನ ಮೂವತ್ತು ಕಿಲೋಮೀಟರಿನಲ್ಲಿ ಇದಕ್ಕೆ ಕೈಯಿಂದ ರೊಕ್ಕ ಕೊಡುವವರು ಯಾರು ಎಂದು ಬರೆಯಬೇಕು. ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ನಿಯಂತ್ರಕ) ಬಲ್ಲವನಿಗೆ ಕಾರ್ಖಾನೆಯೇ ಗಿರಾಕಿ. ಅಲ್ಲಿ ಬಾಗಿಲು ಮುಚ್ಚಿದ್ದರಿಂದಲೇ ಹೊರಬಂದಿದ್ದೇವೆ. ಮೋಟರಿಗೆ ಹಾಗಲ್ಲ. ಊರೂರಿಗೂ ಹಿಟ್ಟಿನ ಗಿರಣಿ, ಹೊಲಹೊಲಕ್ಕೂ ಬೋರು, ಬ್ಯಾಡಗಿ ಕಡೆ ಖಾರದಪುಡಿ ಯಂತ್ರ, ಗದಗ-ಬೆಟಗೇರಿಯಲ್ಲಿ ಮುದ್ರಣಾಲಯ, ಎಲ್ಲ ಕಡೆಯೂ ಮೋಟರು ಸುಡುತ್ತದೆ, ಸುಟ್ಟ ದಿನವೇ ಸರಿಯಾಗಬೇಕು.

ಆದರೆ ಕಾರ್ಖಾನೆಯಲ್ಲಿ ಸುಟ್ಟ ಮೋಟರು ಹೊರಗೆ ಹೋಗುತ್ತಿತ್ತು. ಬಿಚ್ಚುವುದು, ಕೂಡಿಸುವುದಷ್ಟೇ ನಮ್ಮದು. ಕಾಯಿಲು ಸುತ್ತುವ ಕೈ ಬೇರೆ. ಅದನ್ನು ಕಲಿಯಲು ಒಬ್ಬ ವೈಂಡಿಂಗ್ ಮಿಸ್ತ್ರಿಯ ಅಂಗಡಿಯಲ್ಲಿ ಪಗಾರವಿಲ್ಲದೆ ಮೂರು ತಿಂಗಳು ಕೂಡುವುದು ಬೇಕೇ ಬೇಕು. ಮಿಸ್ತ್ರಿ ವಯಸ್ಸಿನಲ್ಲಿ ನಮಗಿಂತ ಇಪ್ಪತ್ತು ವರ್ಷ ಸಣ್ಣವನಿರಬಹುದು. ಅವನನ್ನು "ಮಿಸ್ತ್ರೀ" ಎಂದೇ ಕರೆದು, ನೆಲದ ಮೇಲೆ ಕೂತು ಸ್ಲಾಟು (ತಂತಿ ಕೂರುವ ಸೀಳು) ಸ್ವಚ್ಛ ಮಾಡುವುದರಿಂದ ಶುರು ಮಾಡಬೇಕು. ನಿಮ್ಮ ಊರಿನ ಗಿರಾಕಿಗೆ ಪೈಪೋಟಿ ಆಗದಷ್ಟು ದೂರದ ಅಂಗಡಿ ಆರಿಸಿಕೊಂಡರೆ ಕಲಿಸುವವನು ಮನಸ್ಸು ಬಿಚ್ಚಿ ಕಲಿಸುತ್ತಾನೆ.

ಈಗ ಕೆಲಸದ ಒಳಗೆ ಬರೋಣ, ಏಕೆಂದರೆ ಅನುಭವಿ ಕೈಗೂ ಹೊಸ ಕೈಗೂ ವ್ಯತ್ಯಾಸ ಕಾಣುವುದು ಇಲ್ಲಿ. ಮೋಟರ್ ಬಿಚ್ಚಿದೊಡನೆ ಹಳೇ ತಂತಿ ಕಿತ್ತುಹಾಕಬೇಡಿ. ಸುಟ್ಟ ಗುರುತನ್ನು ಓದಿ. ಸ್ಟಾರ್ ಜೋಡಣೆಯಲ್ಲಿ (ಮೂರು ಫೇಸಿನ ಕಾಯಿಲುಗಳ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಎರಡು ಫೇಸಿನ ಕಾಯಿಲು ಕಪ್ಪಾಗಿ ಒಂದು ಹೊಳೆಯುತ್ತಿದ್ದರೆ ಒಂದು ಫೇಸ್ ಹೋಗಿ ಓಡಿದೆ ಎಂದರ್ಥ. ಡೆಲ್ಟಾದಲ್ಲಿ (ಮೂರೂ ತ್ರಿಕೋನದಂತೆ ತುದಿಗೆ ತುದಿ ಸೇರಿದ್ದು) ಅದೇ ದೋಷಕ್ಕೆ ಒಂದು ಫೇಸ್ ಸುಟ್ಟು ಎರಡು ಚೆನ್ನಾಗಿರುತ್ತವೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ಲೋಡು ಹೆಚ್ಚಾಗಿದೆ ಅಥವಾ ವೋಲ್ಟೇಜ್ ಕಡಿಮೆ ಬಂದಿದೆ. ಒಂದೇ ಜಾಗದಲ್ಲಿ ಕರಗಿ, ರೋಟರ್ (ಒಳಗೆ ತಿರುಗುವ ಭಾಗ) ಮೇಲೆ ಉಜ್ಜಿದ ಗೆರೆ ಇದ್ದರೆ ಬೇರಿಂಗ್ ಸವೆದಿದೆ. ಕಾರಣ ಹೇಳದೆ ವೈಂಡಿಂಗ್ ಮಾಡಿಕೊಟ್ಟರೆ ಹದಿನೈದು ದಿನಕ್ಕೆ ಅದೇ ಮೋಟರು ವಾಪಸು ಬರುತ್ತದೆ, ಊರಲ್ಲಿ ಹೆಸರು ನಿಮ್ಮದೇ ಕೆಡುತ್ತದೆ. ನಾನು ಬಿಲ್ಲಿನ ಕೆಳಗೆ ಕಾರಣ ಬರೆದು, ಒಂದು ಫೇಸ್ ಹೋದರೆ ಮೋಟರು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಲು ಬರೆದುಕೊಡುತ್ತೇನೆ.

ಆಮೇಲೆ ದಾಖಲೆ. ಒಟ್ಟು ಸ್ಲಾಟು, ಒಂದು ಗುಂಪಿಗೆ ಎಷ್ಟು ಕಾಯಿಲು, ಪಿಚ್ (ಕಾಯಿಲಿನ ಎರಡು ಬದಿಗಳ ನಡುವಿನ ಸ್ಲಾಟಿನ ಅಂತರ), ಒಂದು ಕಾಯಿಲಿಗೆ ಎಷ್ಟು ಸುತ್ತು, ಎಷ್ಟು ಎಳೆ, ಜೋಡಣೆ, ಹೊರಗೆ ಚಾಚಿದ ತಲೆಯ ಎತ್ತರ, ಇಷ್ಟೂ ಪುಸ್ತಕಕ್ಕೆ ಹೋಗಬೇಕು. ಸುತ್ತನ್ನು ಒಂದು ಕಾಯಿಲಿನಲ್ಲಿ ಎಣಿಸಿ ನಂಬಬೇಡಿ, ಮೂರರಲ್ಲಿ ಎಣಿಸಿ. ತಂತಿಯ ದಪ್ಪ ಅಳೆಯುವ ಮುಂಚೆ ಎನಾಮೆಲ್ ಲೇಪ ಸುಟ್ಟು ಒರೆಸಬೇಕು. 20 ಗೇಜಿನ ತಾಮ್ರ 0.914 ಮಿ.ಮೀ., 19 ಗೇಜು 1.016. ಎನಾಮೆಲ್ ಸಮೇತ ಮೈಕ್ರೋಮೀಟರ್ ಹಿಡಿದರೆ 20 ಗೇಜು 19ರ ಹತ್ತಿರ ತೋರಿಸುತ್ತದೆ. ಹಾಗೆ ದಪ್ಪ ತಂತಿ ತಂದರೆ ಸ್ಲಾಟಿನಲ್ಲಿ ತುಂಬುವುದೇ ಇಲ್ಲ, ಬಡಿದು ತುಂಬಿಸಿದರೆ ಎನಾಮೆಲ್ ಸುಲಿಯುತ್ತದೆ. 19 ಸಿಗದಿದ್ದರೆ 22 ಗೇಜಿನ ಎರಡು ಎಳೆ ಹಾಕಬಹುದು. 19ರ ಅಡ್ಡಕೊಯ್ತ 0.81 ಚದರ ಮಿ.ಮೀ., 22ರ ಎರಡು ಎಳೆ 0.79. ಇಷ್ಟು ವ್ಯತ್ಯಾಸ ನಡೆಯುತ್ತದೆ.

ಹಳೇ ತಂತಿ ತೆಗೆಯಲು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವ ರೂಢಿ ಇದೆ. ಬೇಡ. ಸ್ಟೇಟರಿನ (ಕಾಯಿಲು ಕೂರುವ, ತಿರುಗದ ಭಾಗದ) ತಗಡುಗಳ ನಡುವಿನ ಲೇಪ ಸುಟ್ಟರೆ ಕಬ್ಬಿಣವೇ ಬಿಸಿಯಾಗತೊಡಗುತ್ತದೆ, ಎಷ್ಟು ಚೆಂದ ಸುತ್ತಿದರೂ ಮೋಟರು ಬಿಸಿ. ಒಂದು ಕಡೆಯ ತಲೆಯನ್ನು ಉಳಿಯಿಂದ ಕತ್ತರಿಸಿ, ಇನ್ನೊಂದು ಕಡೆಯಿಂದ ಜಗ್ಗಿ ತೆಗೆಯುವುದು ತಡವಾದರೂ ಸರಿಯಾದ ಕ್ರಮ.

ವಾರ್ನಿಷ್‌ಗೆ ಮುಂಚೆ ಸ್ಟೇಟರನ್ನು ಬಿಸಿ ಮಾಡಿ ತೇವ ಓಡಿಸಬೇಕು, ಮಳೆಗಾಲದಲ್ಲಂತೂ ತಪ್ಪಿಸುವಂತಿಲ್ಲ. ವಾರ್ನಿಷ್ ಕುಡಿಸಿ, ಹನಿ ನಿಂತ ಮೇಲೆ ಡಬ್ಬಿಯ ಮೇಲೆ ಬರೆದ ಉಷ್ಣತೆಯಲ್ಲಿ, ಬರೆದಷ್ಟು ತಾಸು ಓವನ್ನಿನಲ್ಲಿಡಬೇಕು. ಮೇಲೆ ಒಣಗಿದಂತೆ ಕಂಡರೂ ಸ್ಲಾಟಿನ ಒಳಗೆ ಹಸಿ ಇರುತ್ತದೆ. "ಅಣ್ಣಾರ, ಸಂಜಿಕ ಕೊಡ್ರಿ, ಬೆಳಿ ಬಾಡಾಕತ್ತೈತಿ" ಎಂದು ರೈತ ಎದುರಿಗೆ ನಿಂತಾಗ ಓವನ್ನಿನಿಂದ ಬೇಗ ತೆಗೆಯುವ ಮನಸ್ಸಾಗುತ್ತದೆ. ಇದಕ್ಕೆ ಪರಿಹಾರ, ಸಾಮಾನ್ಯ ಅಳತೆಯ ಒಂದೆರಡು ಮೋಟರುಗಳನ್ನು ಸಿದ್ಧಪಡಿಸಿ ತಾತ್ಪೂರ್ತಿಕವಾಗಿ ಕೊಡುವುದು. ನನ್ನ ಅಂಗಡಿಗೆ ಗಿರಾಕಿ ತಂದದ್ದು ಬೋರ್ಡಿಗಿಂತ ಹೆಚ್ಚಾಗಿ ಈ ಬದಲಿ ಮೋಟರುಗಳೇ.

ಕೊಡುವ ಮುನ್ನ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ರೋಧ ಅಳೆಯುವ ಮೀಟರ್) ಹಚ್ಚಿ. ಹೊಸ ವೈಂಡಿಂಗ್ ನೂರು ಮೆಗಾಓಮ್ ಆದರೂ ತೋರಿಸಬೇಕು. ಐದಕ್ಕಿಂತ ಕೆಳಗಿದ್ದರೆ ತೇವ ಉಳಿದಿದೆ ಅಥವಾ ಎಲ್ಲೋ ಸ್ಲಾಟಿನೊಳಗಿನ ಇನ್ಸುಲೇಶನ್ ಪೇಪರ್ ಹರಿದಿದೆ. ಲೋಡಿಲ್ಲದೆ ಓಡಿಸಿ ಮೂರೂ ಫೇಸಿಗೆ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿದರೆ ಕರೆಂಟ್ ಹೆಚ್ಚುಕಡಿಮೆ ಸಮ ಇರಬೇಕು, ಮತ್ತು ಅದು ಪೂರ್ಣ ಲೋಡಿನ ಕರೆಂಟಿನ ಮೂರನೇ ಒಂದರಿಂದ ಅರ್ಧದೊಳಗೆ ಇರಬೇಕು. ಮೂರೂ ಸಮ, ಆದರೆ ಹೆಚ್ಚು ಎಂದಾದರೆ ಸುತ್ತು ಕಡಿಮೆ ಬಿದ್ದಿದೆ, ಇಲ್ಲವೇ ಹಿಂದೆ ಯಾರೋ ರೋಟರ್ ಲೇಥಿಗೆ ಹಾಕಿ ಸವೆಸಿದ್ದಾರೆ. ಒಂದು ಫೇಸ್ ಮಾತ್ರ ಬೇರೆ ತೋರಿಸಿದರೆ ಒಂದು ಕಾಯಿಲು ತಿರುಗಾಮುರುಗಾ ಜೋಡಣೆಯಾಗಿದೆಯೇ ನೋಡಿ.

ಬೋರಿನ ಸಬ್‌ಮರ್ಸಿಬಲ್ (ನೀರಿನೊಳಗೆ ಮುಳುಗಿ ಓಡುವ) ಮೋಟರು ಬೇರೆಯೇ ಜಾತಿ. ನೀರು ತುಂಬುವ ಮೋಟರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ, ವಾರ್ನಿಷ್ ಇಲ್ಲ. ನೀರಿನಲ್ಲಿ ಮುಳುಗಿಸಿಟ್ಟೇ ಮೆಗ್ಗರ್ ಹಚ್ಚಬೇಕು. ಇಳಿಸುವಾಗ ಶುದ್ಧ ನೀರು ತುಂಬಿ, ಅಲುಗಾಡಿಸಿ ಗುಳ್ಳೆ ಹೋಗುವ ತನಕ ಕಾಯಬೇಕು. ಮರಳು ಬೆರೆತ ಬೋರಿನ ನೀರನ್ನೇ ತುಂಬಿದರೆ ಭಾರ ಹೊರುವ ಥ್ರಸ್ಟ್ ಬೇರಿಂಗ್ ಉಳಿಯುವುದಿಲ್ಲ. ಇಳಿಸಿದ ಮೇಲೆ ಕೆಡುವುದರಲ್ಲಿ ಕೇಬಲ್ ಜಾಯಿಂಟಿನದು ದೊಡ್ಡ ಪಾಲು. ಟೇಪು ಸುತ್ತುವ ಕೆಲಸವನ್ನು ಹುಡುಗನ ಕೈಗೆ ಕೊಡದೆ ನಾನೇ ಮಾಡುತ್ತೇನೆ.

ಅಂಗಡಿ ಹಿಡಿಯುವ ಮುನ್ನ ತ್ರೀ ಫೇಸ್ ಸಂಪರ್ಕ ಇದೆಯೇ ನೋಡಿ, ಇಲ್ಲದಿದ್ದರೆ ಟೆಸ್ಟಿಂಗ್ ಆಗುವುದಿಲ್ಲ. ವಿದ್ಯುತ್ ಕಂಪನಿ ಹೆಸ್ಕಾಂನಿಂದ ಹೊಸದಾಗಿ ಪಡೆಯುವ ಖರ್ಚು ಬಾಡಿಗೆಯ ಮಾತುಕತೆಯಲ್ಲೇ ಬರಲಿ. ಗಾಡಿ ಬಾಗಿಲಿಗೆ ಹತ್ತಬೇಕು, ಮೆಟ್ಟಿಲು ಇರಬಾರದು. ಸಣ್ಣ ಉದ್ಯಮಗಳ ಸರಕಾರಿ ನೋಂದಣಿ "ಉದ್ಯಮ್" ಉಚಿತ, ಯಾರಿಗೂ ರೊಕ್ಕ ಕೊಡಬೇಡಿ. ಸಾಲ ಬೇಕಾದರೆ ಕೇಂದ್ರ ಸರಕಾರದ ಸ್ವಯಂ ಉದ್ಯೋಗ ಯೋಜನೆ ಪಿಎಂಇಜಿಪಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಗ್ರಾಮೀಣದಲ್ಲಿ ಶೇ. 25 ಸಹಾಯಧನ. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಅಂಗಡಿ ತೆರೆದು ಆಮೇಲೆ ಅರ್ಜಿ ಹಾಕಿದರೆ ಸಿಗುವುದಿಲ್ಲ. ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಕೈಗೆ ಬರುವ ಹಣವೆಂದು ಲೆಕ್ಕ ಹಿಡಿಯಬೇಡಿ.

ಉದ್ರಿಯ ವಿಷಯದಲ್ಲಿ ಕಾರ್ಖಾನೆಯಿಂದ ಬಂದವರು ಬಹಳ ಸೋಲುತ್ತಾರೆ, ಏಕೆಂದರೆ ಬಾಯಿಬಿಟ್ಟು ರೊಕ್ಕ ಕೇಳಿ ರೂಢಿ ಇರುವುದಿಲ್ಲ. "ಸುಗ್ಗಿ ಮುಗದ ಮ್ಯಾಲ ಕೊಡ್ತೀನ್ರಿ" ಎನ್ನುವ ರೈತ ಸುಳ್ಳು ಹೇಳುತ್ತಿಲ್ಲ. ಅವನ ರೊಕ್ಕ ಬರುವುದೇ ಆಗ. ತಾಮ್ರದ ಅಂಗಡಿಯವ ಮಾತ್ರ ಸುಗ್ಗಿ ಕಾಯುವುದಿಲ್ಲ. ನಾನು ಬಿಲ್ಲನ್ನು ಎರಡು ಮಾಡುತ್ತೇನೆ: ತಂತಿ, ಬೇರಿಂಗ್, ವಾರ್ನಿಷ್ ರೊಕ್ಕ ಕೆಲಸಕ್ಕೆ ಕೈ ಹಚ್ಚುವ ಮುನ್ನ, ಮಜೂರಿ ಬೇಕಾದರೆ ಉದ್ರಿ. ಹಳೇ ತಾಮ್ರ ಗಿರಾಕಿಯದು. ಅವರೆದುರೇ ತೂಗಿ, ಅಂದಿನ ಗುಜರಿ ದರ ಬಿಲ್ಲಿನಲ್ಲಿ ವಜಾ ಮಾಡಿ ತೋರಿಸಬೇಕು. ಇದೊಂದನ್ನು ನೇರವಾಗಿ ಮಾಡಿದರೆ ಒಂದು ಊರಿನ ಮೋಟರುಗಳೆಲ್ಲ ನಿಮ್ಮಲ್ಲಿಗೇ ಬರುತ್ತವೆ.

ದೇಹದ ಮಿತಿಯನ್ನು ಅಂಗಡಿಯ ರಚನೆಯಲ್ಲೇ ಸೇರಿಸಿಕೊಳ್ಳಿ. ಚೈನ್ ಪುಲ್ಲಿ ಮೊದಲ ದಿನವೇ ತೂಗುಹಾಕಿ, ಮೋಟರ್ ಕೈಯಿಂದ ಎತ್ತಬೇಡಿ. ನೆಲದ ಬದಲು ಸೊಂಟದೆತ್ತರದ ಟೇಬಲ್ಲು, ಹತ್ತಿರದ ನೋಟಕ್ಕೆ ಬೇರೆ ಕನ್ನಡಕ, ಸ್ಲಾಟಿನೊಳಗೆ ಬೀಳುವಂತೆ ತಿರುಗಿಸಬಹುದಾದ ದೀಪ. ವಾರ್ನಿಷ್ ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್. ಬೋರಿನಿಂದ ಪೈಪು ಎತ್ತುವ ಕೆಲಸ ನಮ್ಮದಲ್ಲ, ಅದಕ್ಕೆ ಚೈನ್ ಪುಲ್ಲಿ ತಂಡದವರಿದ್ದಾರೆ. ಅವರೊಡನೆ ಚೆನ್ನಾಗಿದ್ದರೆ ಅವರೇ ಮೋಟರು ಕಳಿಸುತ್ತಾರೆ.

ಫೆಬ್ರವರಿಯಿಂದ ಮೇ ತನಕ ತಲೆ ಎತ್ತಲು ಬಿಡುವಿರುವುದಿಲ್ಲ, ಮಳೆ ಹಿಡಿದರೆ ಬೋರಿನ ಕೆಲಸ ನಿಂತುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ಗೆ ಗಿರಣಿ, ಸಾಮಿಲ್ಲು, ಸಣ್ಣ ಕಾರ್ಖಾನೆಗಳೊಂದಿಗೆ ವರ್ಷದ ಮೆಂಟೆನನ್ಸ್ ಒಪ್ಪಂದ ಮಾಡಿಕೊಂಡರೆ ತಿಂಗಳ ಬಾಡಿಗೆ ಹೊರಡುತ್ತದೆ: ಮೂರು ತಿಂಗಳಿಗೊಮ್ಮೆ ಗ್ರೀಸು, ಬೇರಿಂಗ್ ಸದ್ದು, ಮೆಗ್ಗರ್ ಓದು, ಟರ್ಮಿನಲ್ ಬಿಗಿ. ಕಾರ್ಖಾನೆಯ ಪ್ರಿವೆಂಟಿವ್ ಮೆಂಟೆನನ್ಸ್ ಚಾರ್ಟನ್ನೇ ಚಿಕ್ಕದು ಮಾಡಿ ಕನ್ನಡದಲ್ಲಿ ಬರೆದು ಗಿರಣಿಯ ಗೋಡೆಗೆ ಹಚ್ಚುತ್ತೇನೆ. ಪ್ರತಿ ಸಲದ ಮೆಗ್ಗರ್ ಓದನ್ನು ಗಿರಣಿಯವರ ಎದುರೇ ಅದರಲ್ಲಿ ತುಂಬುತ್ತೇನೆ. ಓದು ಇಳಿಯುತ್ತ ಬಂದದ್ದು ಅವರಿಗೇ ಕಂಡರೆ ಮೋಟರು ಸುಡುವ ಮೊದಲೇ ಕರೆಯುತ್ತಾರೆ.