ಒಂದೇ ಉಸಿರಿನಲ್ಲಿ ಬಳಿದಂತೆ ಕಾಣುವ ಮುಖ: ನನ್ನ ಅನುಭವ

ನವ-ಅಭಿವ್ಯಕ್ತಿವಾದಿ ಭಾವಚಿತ್ರ, ಅಂದರೆ ದಪ್ಪ ಬಣ್ಣ, ಒರಟು ಗೆರೆ, ತಿರುಚಿದ ಆಕಾರಗಳಲ್ಲಿ ಭಾವವನ್ನು ಹಿಡಿಯುವ ಶೈಲಿಯ ಮುಖಚಿತ್ರ, ಹೆಚ್ಚಾಗಿ ಕೆಡುವುದು ಕಣ್ಣಿನಲ್ಲಿ. ಮೂಗು ಎಲ್ಲಿಗಾದರೂ ಹೋಗಲಿ, ದವಡೆ ಚೌಕವಾಗಲಿ, ಹಲ್ಲು ಕೆನ್ನೆಯವರೆಗೆ ಬರಲಿ, ನೋಡುವವರು ಒಪ್ಪಿಕೊಳ್ಳುತ್ತಾರೆ. ಆದರೆ ಎರಡು ಕಣ್ಣುಗಳ ಗೆರೆಗೂ ಬಾಯಿಯ ಗೆರೆಗೂ ಇರುವ ಓರೆ ತಪ್ಪಿದರೆ ಎದುರಿಗಿರುವುದು ಯಾರದೋ ಮುಖವಾಗಿ ಉಳಿಯುವುದಿಲ್ಲ, ಬರೀ ಮುಖವಾಡವಾಗುತ್ತದೆ. ಹಾಗಾಗಿ ಬಣ್ಣ ಮುಟ್ಟುವ ಮೊದಲು ಎದುರಿಗೆ ಕುಳಿತವರನ್ನು ನೋಡಿಕೊಂಡು ಇದ್ದಿಲಿನಲ್ಲಿ ಎಂಟು ಹತ್ತು ಚಿತ್ರ ಗೀಚುತ್ತೇನೆ, ಒಂದೊಂದಕ್ಕೆ ಐದು ನಿಮಿಷ. ಅವುಗಳಲ್ಲಿ ಪದೇ ಪದೇ ತಾನಾಗಿ ಬಂದ ಮೂರು ಸಂಗತಿಗಳನ್ನು ಮಾತ್ರ ಇಟ್ಟುಕೊಳ್ಳುತ್ತೇನೆ: ಒಂದು ರೆಪ್ಪೆ ಇನ್ನೊಂದಕ್ಕಿಂತ ಕೆಳಗಿದೆ, ಕುತ್ತಿಗೆ ಮುಂದಕ್ಕೆ ಚಾಚಿದೆ, ಮೇಲ್ತುಟಿ ಕಾಣಿಸುವುದೇ ಇಲ್ಲ, ಈ ರೀತಿಯವು. ಈ ಮೂರನ್ನು ಬಿಟ್ಟುಕೊಡುವುದಿಲ್ಲ. ಉಳಿದದ್ದೆಲ್ಲ ಕೈಗೆ ಬಿಟ್ಟದ್ದು. ಫೋಟೊ ಇಟ್ಟುಕೊಂಡು ಬಿಡಿಸಿದರೆ ಮುಖ ಸಮತಟ್ಟಾಗುತ್ತದೆ, ಏಕೆಂದರೆ ಕ್ಯಾಮೆರಾ ಎಲ್ಲಕ್ಕೂ ಒಂದೇ ಬೆಲೆ ಕೊಡುತ್ತದೆ.

ಈ ಶೈಲಿಯ ಚಿತ್ರ ಅವಸರದಲ್ಲಿ ಮಾಡಿದಂತೆ ಕಾಣಬೇಕು, ಆದರೆ ಅವಸರದಲ್ಲಿ ಕಟ್ಟಿರಬಾರದು. ಹೊಸಬರು ಮೇಲಿನ ಆವೇಶವನ್ನಷ್ಟೇ ನಕಲು ಮಾಡುತ್ತಾರೆ. ಅಡಿಯ ಕೆಲಸ ಮಾಡದ ಚಿತ್ರ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ಕೊಂಡವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ನನ್ನ ಸಾಮಾನ್ಯ ಅಳತೆ 120 × 100 ಸೆಂ.ಮೀ. ಮುಖ ನಿಜದ ಗಾತ್ರಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದಾದಾಗಲೇ ಕುಂಚದ ಒಂದೊಂದು ಎಳೆತ ಬೇರೆ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಬಟ್ಟೆ 12 ಔನ್ಸಿನ ಹತ್ತಿಯ ಡಕ್ ಎಂಬ ಒತ್ತು ನೇಯ್ಗೆಯ ಕ್ಯಾನ್ವಾಸ್, ಅಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ. ಇದಕ್ಕಿಂತ ತೆಳುವಾದದ್ದು ಕೆರೆಯುವಾಗ ಒಳಕ್ಕೆ ಕುಸಿಯುತ್ತದೆ, ಹಿಂದಿನ ಅಡ್ಡಪಟ್ಟಿಯ ಗುರುತು ಮುಂದೆ ಮೂಡುತ್ತದೆ. ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಸ್ಟ್ರೆಚರ್ ಪಟ್ಟಿ 4 ಸೆಂ.ಮೀ. ದಪ್ಪ, ಒಂದು ಮೀಟರ್ ದಾಟಿದ ಬದಿಗೆ ಅಡ್ಡಪಟ್ಟಿ ಕಡ್ಡಾಯ. ಮೊದಲು ಅಕ್ರಿಲಿಕ್ ಮೀಡಿಯಂ (ಬಣ್ಣದ ಹುಡಿ ಸೇರಿಸದ ಅಕ್ರಿಲಿಕ್ ಅಂಟು) ಎರಡು ಕೈ, ಆಮೇಲೆ ಜೆಸ್ಸೊ (ಬಣ್ಣ ಹಿಡಿಯಲು ಬಳಿಯುವ ಬಿಳಿ ಅಡಿಲೇಪ) ಮೂರು ಕೈ. ಒಂದು ಕೈ ಅಡ್ಡ, ಮುಂದಿನದು ಉದ್ದ. ಮೀಡಿಯಂ ಬಿಟ್ಟರೆ ಬಟ್ಟೆಯೊಳಗಿನ ಕಂದು ಕೊಳೆ ಮೇಲಕ್ಕೆ ಬಂದು ತೆಳು ಪದರಗಳು ಹಳದಿಯಾಗುತ್ತವೆ. ಕೊನೆಯ ಕೈ ಆದಮೇಲೆ ಮೂರು ದಿನ ಬಿಡುತ್ತೇನೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ ನಿಜ, ಒಳಗಿನ ತೇವ ಹೋಗಿರುವುದಿಲ್ಲ.

ಪದರದ ಕ್ರಮದಲ್ಲಿ ಚೌಕಾಶಿ ಇಲ್ಲ. ನೀರಿನದು ಕೆಳಗೆ, ಎಣ್ಣೆಯದು ಮೇಲೆ. ಅಕ್ರಿಲಿಕ್ಕಿನ ಮೇಲೆ ತೈಲವರ್ಣ ಕೂರುತ್ತದೆ; ತೈಲದ ಮೇಲೆ ಅಕ್ರಿಲಿಕ್ ಹಾಕಿದರೆ ಕಚ್ಚಿಕೊಳ್ಳುವುದಿಲ್ಲ, ಹಾಳೆಯ ಹಾಗೆ ಎದ್ದುಬರುತ್ತದೆ. ಸ್ಪ್ರೇ ಬಣ್ಣವೂ ಅಕ್ರಿಲಿಕ್ ಹಂತದಲ್ಲೇ ಮುಗಿಯಬೇಕು. 1982ರಲ್ಲಿ ಅಮೆರಿಕದ ಚಿತ್ರಕಾರ ಜಾನ್-ಮಿಶೆಲ್ ಬಾಸ್ಕಿಯಾ ಬಿಡಿಸಿದ, ಹೆಸರಿಲ್ಲದ ಆ ದೊಡ್ಡ ತಲೆಬುರುಡೆಯಲ್ಲಿ ಇರುವುದೂ ಅಕ್ರಿಲಿಕ್, ಸ್ಪ್ರೇ, ಆಯಿಲ್ ಸ್ಟಿಕ್ (ಕಡ್ಡಿಯ ರೂಪದ ತೈಲವರ್ಣ) ಇಷ್ಟೇ. ಹೊರನೋಟಕ್ಕೆ ಹುಚ್ಚೆದ್ದು ಗೀಚಿದ ಹಾಗಿದೆ. ಆದರೆ ನೀಲಿಯ ಮೇಲೆ ಕಪ್ಪು ಗೆರೆ, ಕಪ್ಪಿನ ಸಂದಿಯಲ್ಲಿ ಹಳದಿ, ಎಲ್ಲವೂ ತನ್ನ ತನ್ನ ಜಾಗದಲ್ಲಿ ನಿಂತಿವೆ.

ಮೊದಲ ಪದರಕ್ಕೆ ಮುಖದ ಬಣ್ಣ ಬಳಸುವುದಿಲ್ಲ, ಅದಕ್ಕೆ ಎದುರು ನಿಲ್ಲುವ ಬಣ್ಣ ಬಳಸುತ್ತೇನೆ: ಕ್ವಿನಾಕ್ರಿಡೋನ್ ಮಜೆಂಟ, ಇಲ್ಲವೇ ಕಡು ಹಸಿರು. 75 ಮಿ.ಮೀ. ಅಗಲದ ಗೋಡೆ ಕುಂಚದಲ್ಲಿ ಹತ್ತು ನಿಮಿಷದೊಳಗೆ ತಲೆಯ ಒಟ್ಟು ಆಕಾರ. ತೆಳು ಮಾಡಬೇಕಿದ್ದರೆ ನೀರನ್ನೇ ಸುರಿಯದೆ ಮ್ಯಾಟ್ ಮೀಡಿಯಂ ಸೇರಿಸುತ್ತೇನೆ. ನೀರು ಅತಿಯಾದರೆ ಬಣ್ಣದ ಹುಡಿಯನ್ನು ಹಿಡಿದಿಡುವ ಅಂಟು ಸಾಲದೆ ಹೋಗುತ್ತದೆ. ಮ್ಯಾಟ್ ಆಗಿಯೇ ಇರಬೇಕು. ಹೊಳಪಿನ ಅಕ್ರಿಲಿಕ್ ಮೇಲ್ಮೈಗೆ ತೈಲದ ಹಿಡಿತ ಕಡಿಮೆ. ದಪ್ಪ ಬೇಕಾದ ಕಡೆ, ಅಂದರೆ ಹುಬ್ಬಿನ ಮೂಳೆ, ಮೂಗಿನ ಏಣು, ಗದ್ದ ಇಲ್ಲಿಗೆಲ್ಲ ಅಕ್ರಿಲಿಕ್ ಹೆವಿ ಜೆಲ್ (ಗಟ್ಟಿಯಾದ, ದಪ್ಪ ಮೀಡಿಯಂ) ಕೊಟ್ಟು ಈ ಹಂತದಲ್ಲೇ ಎತ್ತರಿಸಿಬಿಡುತ್ತೇನೆ. ಅದೇ ದಪ್ಪವನ್ನು ತೈಲದಲ್ಲಿ ಕಟ್ಟಲು ಹೋದರೆ ಮೇಲ್ಭಾಗ ಕೆನೆಗಟ್ಟಿ ಒಳಗೆ ತಿಂಗಳುಗಟ್ಟಲೆ ಹಸಿಯಾಗಿ ಉಳಿಯುತ್ತದೆ, ಕೊನೆಗೆ ಸುಕ್ಕು ಬೀಳುತ್ತದೆ. ಇದ್ದಿಲಿನ ಗೆರೆ ಕಾಣಬೇಕಿದ್ದರೆ ಹಸಿ ಜೆಸ್ಸೊದೊಳಗೇ ಎಳೆಯಬೇಕು. ಒಣ ಮೇಲ್ಮೈಯ ಸಡಿಲ ಇದ್ದಿಲಿನ ಮೇಲೆ ಬಣ್ಣ ಹಾಕಿದರೆ ಬಣ್ಣ ಬೂದಿಯಾಗುತ್ತದೆ, ಹಿಡಿತವೂ ಹೋಗುತ್ತದೆ.

ತೈಲದ ಹಂತಕ್ಕೆ ಏಳು ಬಣ್ಣ ಸಾಕು: ಟೈಟೇನಿಯಂ ಬಿಳಿ, ಮಾರ್ಸ್ ಕಪ್ಪು, ರಾ ಅಂಬರ್, ಯೆಲ್ಲೊ ಓಕರ್, ಕ್ಯಾಡ್ಮಿಯಂ ಕೆಂಪು, ಅಲ್ಟ್ರಾಮರೀನ್, ಥ್ಯಾಲೊ ಹಸಿರು. ಐವರಿ ಕಪ್ಪು ಎಣ್ಣೆ ಹೆಚ್ಚು ಕುಡಿಯುತ್ತದೆ, ನಿಧಾನ ಒಣಗುತ್ತದೆ, ಆದ್ದರಿಂದ ಕೆಳಗಿನ ಪದರಕ್ಕೆ ಬೇಡ. ಜಿಂಕ್ ಬಿಳಿಯಂತೂ ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲ. ಒಣಗಿದ ಮೇಲೆ ಪೆಡಸಾಗಿ ಬಿರಿಯುತ್ತದೆ. ಟ್ಯೂಬಿನ ಮುಂದೆ ಬರೀ ‘ಬಿಳಿ’ ಎಂದಿದ್ದರೂ ಹಿಂದೆ ಪಿಡಬ್ಲ್ಯು 4 ಎಂಬ ಸಂಕೇತವಿದ್ದರೆ ಅದರಲ್ಲಿ ಜಿಂಕ್ ಸೇರಿದೆ ಎಂದರ್ಥ. ಹಳೆಯ ಅಲಿಝರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಬೆಳಕಿಗೆ ಮಾಸುತ್ತದೆ. ತುಟಿಗೆ ಅದನ್ನು ಬಳಸಿದ ಚಿತ್ರ ಕಿಟಕಿಯ ಎದುರು ತೂಗಿದರೆ ವರ್ಷ ಕಳೆದಂತೆ ತುಟಿ ಬಿಳಚಿಕೊಳ್ಳುತ್ತದೆ.

ಈಗ ಒಂದು ಕಣ್ಣು, ಹತ್ತಿರದಿಂದ. ಕೆಳಗೆ ಒಣಗಿದ ಮಜೆಂಟ. ಅದರ ಮೇಲೆ ಬಿಳಿ ಮತ್ತು ರಾ ಅಂಬರ್ ಸೇರಿಸಿದ ತೈಲವನ್ನು ಪ್ಯಾಲೆಟ್ ನೈಫಿನಲ್ಲಿ 3 ಮಿ.ಮೀ. ದಪ್ಪಕ್ಕೆ, ಹುಬ್ಬಿನಿಂದ ಕೆನ್ನೆಗೆ, ಎರಡೇ ಎಳೆತದಲ್ಲಿ ಎಳೆಯುತ್ತೇನೆ. ಬಣ್ಣ ಹಸಿಯಿರುವಾಗಲೇ ಕುಂಚದ ಹಿಂತುದಿಯಿಂದ ರೆಪ್ಪೆಯ ಬಾಗನ್ನು ಒಂದೇ ಸಲ ಕೆರೆಯಬೇಕು. ಕೆರೆದ ಕಡೆ ಮಜೆಂಟ ಗೆರೆಯಾಗಿ ಹೊರಬರುತ್ತದೆ, ಎರಡು ಪಕ್ಕ ಬಣ್ಣ ಏಣಾಗಿ ಏಳುತ್ತದೆ, ಆ ಏಣಿನ ನೆರಳೇ ರೆಪ್ಪೆಯ ಕೂದಲಿನ ಕೆಲಸ ಮಾಡುತ್ತದೆ. ಪಾಪೆಗೆ ಕಪ್ಪು ಆಯಿಲ್ ಸ್ಟಿಕ್ಕಿನ ಒಂದು ಒತ್ತು. ಅಲ್ಲಿಗೆ ನಿಲ್ಲಿಸಬೇಕು. ಕೆರೆಯಲು ಸಿಗುವ ಸಮಯ ಎರಡು ಮೂರು ಗಂಟೆ, ತೈಲವನ್ನು ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಸೇರಿಸಿದ್ದರೆ ಇನ್ನೂ ಕಡಿಮೆ. ಮರುದಿನ ಕೆರೆದರೆ ಬಣ್ಣ ಅಂಟಂಟಾಗಿ ಹರಿದು ಬರುತ್ತದೆ, ಗೆರೆಯ ಅಂಚು ಚಿಂದಿಯಾಗುತ್ತದೆ. ಗೆರೆ ತಪ್ಪಿದರೆ ತಿದ್ದುವ ಗೋಜಿಗೆ ಹೋಗದೆ ಅಷ್ಟೂ ತೈಲವನ್ನು ನೈಫಿನಲ್ಲಿ ಎತ್ತಿ, ಬಟ್ಟೆಯಲ್ಲಿ ಒರೆಸಿ, ಮೊದಲಿನಿಂದ. ಹದಿನೈದು ಸಲ ಎತ್ತಿ ಹಾಕಿದ ಕಣ್ಣೂ ನೋಡುವವರಿಗೆ ಒಂದೇ ಸಲ ಹಾಕಿದಂತೆ ಕಾಣುತ್ತದೆ. ತಿದ್ದಿದ ಕಣ್ಣು ತಿದ್ದಿದ ಹಾಗೆಯೇ ಕಾಣುತ್ತದೆ. ಎಣ್ಣೆ ಒರೆಸಿದ ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್‌ಸೀಡ್ ಎಣ್ಣೆ ಒಣಗುವಾಗ ಕಾವು ಬಿಡುತ್ತದೆ, ರಾಶಿ ತಾನಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ.

ಆಯಿಲ್ ಸ್ಟಿಕ್ಕೂ ಆಯಿಲ್ ಪ್ಯಾಸ್ಟೆಲ್ಲೂ ಒಂದೇ ಎಂದುಕೊಂಡು ಬಹಳ ಜನ ಕೆಡುತ್ತಾರೆ. ಸ್ಟಿಕ್‌ನಲ್ಲಿ ಇರುವುದು ಒಣಗುವ ಎಣ್ಣೆ ಮತ್ತು ಮೇಣ. ತುದಿಯ ಸಿಪ್ಪೆ ಸುಲಿದು ಬಳಸಬೇಕು, ತೆಳು ಗೆರೆ ಕೆಲವು ದಿನಗಳಲ್ಲಿ ಒಣಗುತ್ತದೆ. ಪ್ಯಾಸ್ಟೆಲ್ ಎಂದಿಗೂ ಒಣಗುವುದಿಲ್ಲ, ಗಾಜಿನ ಚೌಕಟ್ಟಿಲ್ಲದೆ ಅದನ್ನು ಮಾರಲೂಬಾರದು.

ಜರ್ಮನಿಯ ಚಿತ್ರಕಾರ ಗಿಯೋರ್ಗ್ ಬಾಸೆಲಿಟ್ಸ್ 1969ರಿಂದ ಮುಖಗಳನ್ನು ತಲೆಕೆಳಗಾಗಿಯೇ ಬಿಡಿಸಿದರು, ಹೆಂಡತಿ ಎಲ್ಕೆಯವರದ್ದನ್ನೂ ಬಿಡದೆ. ಅದನ್ನು ಅನುಕರಿಸಿ ಚಿತ್ರ ತೂಗುವುದು ಈಗ ಹಳಸಲು. ಕೆಲಸದ ಮಧ್ಯೆ ಕ್ಯಾನ್ವಾಸನ್ನು ತಲೆಕೆಳಗು ಮಾಡಿ ನೋಡುವುದು ಮಾತ್ರ ಇಂದಿಗೂ ಒಳ್ಳೆಯ ಪರೀಕ್ಷೆ. ಮುಖ ಎಂಬ ಗುರುತು ಅಳಿದಾಗ ಬಣ್ಣದ ತೂಕ ಎಲ್ಲಿ ಜೋಲಿದೆ ಎಂದು ಕೂಡಲೇ ಕಾಣುತ್ತದೆ. ನನ್ನ ಚಿತ್ರಗಳಲ್ಲಿ ಸಾಮಾನ್ಯವಾಗಿ ಬಲಗಡೆಯ ಕೆನ್ನೆ ಭಾರವಾಗಿರುತ್ತದೆ, ಬಲಗೈಯವರೆಲ್ಲರ ಕಾಯಿಲೆ ಇದು.

ಇನ್ನು ಕೊಳ್ಳುವವರ ಮಾತು. 1970ರ ದಶಕದಲ್ಲಿ ಗ್ಯಾಲರಿಗಳ ತುಂಬ ಮಿನಿಮಲಿಸಂ (ಸರಳ ಆಕಾರಗಳಷ್ಟೇ ಇರುವ ಕಲೆ), ಪರಿಕಲ್ಪನಾ ಕಲೆ (ವಸ್ತುವಿಗಿಂತ ವಿಚಾರವೇ ಮುಖ್ಯವಾದ ಕಲೆ). 1980ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಜರ್ಮನ್ ಮಂಟಪದಲ್ಲಿ ಬಾಸೆಲಿಟ್ಸ್ ಮತ್ತು ಅದೇ ದೇಶದ ಕಲಾವಿದ ಆನ್ಸೆಲ್ಮ್ ಕೀಫರ್, 1981ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, 1982ರಲ್ಲಿ ಬರ್ಲಿನ್ನಿನಲ್ಲಿ ದೊಡ್ಡ ಪ್ರದರ್ಶನಗಳು. ಅದರೊಂದಿಗೆ ಮನುಷ್ಯರ ಆಕಾರ, ಕೈಯ ಗುರುತು, ದಪ್ಪ ಬಣ್ಣ ಮತ್ತೆ ಗೋಡೆಗೆ ಬಂದವು, ಸಂಗ್ರಾಹಕರು ಮುಗಿಬಿದ್ದರು. ಬಾಸ್ಕಿಯಾರ ಅದೇ ತಲೆಬುರುಡೆ 1984ರಲ್ಲಿ 19,000 ಡಾಲರಿಗೆ ಹೋಗಿದ್ದು, 2017ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೋತ್‌ಬೀಸ್ ಹರಾಜಿನಲ್ಲಿ 11.05 ಕೋಟಿ ಡಾಲರ್ ಮುಟ್ಟಿತು. ಈ ಅಂಕಿ ತೋರಿಸಿ ಚಿತ್ರ ಮಾರುವವರನ್ನು ನಂಬಬೇಡಿ. ಅದೇ ಪೀಳಿಗೆಯ ಎಷ್ಟೋ ಕ್ಯಾನ್ವಾಸ್‌ಗಳನ್ನು ಈಗ ಯಾರೂ ಕೇಳುವುದಿಲ್ಲ.

ಕೊಳ್ಳುವವರಲ್ಲಿ ಪಳಗಿದವರು ಚಿತ್ರವನ್ನು ನೋಡುವ ರೀತಿಯೇ ಬೇರೆ. ಮೊದಲು ಐದು ಮೀಟರ್ ದೂರದಿಂದ, ಆಮೇಲೆ ಒಂದು ಗೇಣಿನಿಂದ, ಆಮೇಲೆ ಪಕ್ಕದಿಂದ, ಕಡೆಗೆ ಹಿಂಬದಿ. ದೂರದಿಂದ ಮುಖ ಕೋಣೆಯನ್ನು ಹಿಡಿದು ನಿಲ್ಲಿಸಬೇಕು, ಹತ್ತಿರ ಬಂದಾಗ ಆ ಮುಖ ಒಡೆದು ಬರೀ ಬಣ್ಣವಾಗಬೇಕು. ಈ ಎರಡರ ನಡುವೆ ಹಿಂದೆ ಮುಂದೆ ನಡೆಯುವ ಸುಖವನ್ನು ಪರದೆಯ ಮೇಲಿನ ಫೋಟೊ ಕೊಡಲಾರದು, ಮೂಲಚಿತ್ರಕ್ಕೆ ಹಣ ಬೀಳುವುದು ಅದಕ್ಕೇ. ಹಿಂಬದಿಯಲ್ಲಿ ಹೆಸರು, ವರ್ಷ, ಎತ್ತರ × ಅಗಲ, ಬಳಸಿದ ಸಾಮಗ್ರಿ ಇಷ್ಟನ್ನೂ ಮರದ ಪಟ್ಟಿಯ ಮೇಲೆ ಬರೆಯುತ್ತೇನೆ, ಬಟ್ಟೆಯ ಮೇಲಲ್ಲ. ಮಾರ್ಕರ್ ಶಾಯಿ ಬಟ್ಟೆಯೊಳಗೆ ಇಳಿಯುತ್ತದೆ. ಸಾಮಗ್ರಿಯ ವಿವರದಲ್ಲಿ ‘ಮಿಶ್ರ ಮಾಧ್ಯಮ’ ಎಂದು ಕೈ ತೊಳೆದುಕೊಳ್ಳುವುದು ಸೋಮಾರಿತನ. ಯಾವ ಪದರದಲ್ಲಿ ಏನಿದೆ ಎಂದು ಬರೆದರೆ ಮುಂದೆ ದುರಸ್ತಿ ಮಾಡುವವರು ನಿಮ್ಮನ್ನು ನೆನೆಯುತ್ತಾರೆ. ಜೊತೆಗೆ ಪಕ್ಕದಿಂದ ಓರೆ ಬೆಳಕು ಬಿಟ್ಟು ತೆಗೆದ ಒಂದು ಫೋಟೊ ಕೊಡುತ್ತೇನೆ. ಮೊದಲೇ ಇದ್ದ ಬಿರುಕು ಯಾವುದು, ಸಾಗಣೆಯಲ್ಲಿ ಆದದ್ದು ಯಾವುದು ಎಂಬ ಜಗಳ ಅಲ್ಲಿಗೇ ತೀರುತ್ತದೆ.

ಬೆಲೆಗೆ ಎತ್ತರ ಮತ್ತು ಅಗಲವನ್ನು ಕೂಡಿಸಿ ಒಂದು ದರದಿಂದ ಗುಣಿಸುತ್ತೇನೆ. ವಿಸ್ತೀರ್ಣದ ಲೆಕ್ಕ ಹಿಡಿದರೆ ದೊಡ್ಡ ಚಿತ್ರ ಮುಟ್ಟಲಾಗದಷ್ಟು ದುಬಾರಿ, ಸಣ್ಣದು ನಾಚಿಕೆಯಾಗುವಷ್ಟು ಅಗ್ಗ. ಗ್ಯಾಲರಿ ಅರ್ಧದಷ್ಟು ಕಮಿಷನ್ ತೆಗೆದುಕೊಂಡರೂ ಸ್ಟುಡಿಯೋದಲ್ಲಿ ಹೇಳುವ ಬೆಲೆ ಅದೇ ಇರಬೇಕು. ಮುಖವನ್ನು ಹೇಳಿ ಬರೆಸುವವರ ಜೊತೆ ಬರವಣಿಗೆಯಲ್ಲಿ ಎರಡು ಮಾತು: ಹೋಲಿಕೆಯ ಭರವಸೆ ಇಲ್ಲ, ಮಧ್ಯದಲ್ಲಿ ತೋರಿಸುವುದಿಲ್ಲ. ತೋರಿಸಿದಿರೋ, ಮೂಗು ಸ್ವಲ್ಪ ನೇರ ಮಾಡಿ ಎಂಬ ಮಾತು ಬಂದೇ ಬರುತ್ತದೆ.

ದಪ್ಪ ಬಣ್ಣದ ಚಿತ್ರವನ್ನು ಸುರುಳಿ ಸುತ್ತಿ ಕಳಿಸುವ ಹಾಗಿಲ್ಲ. ಬಬಲ್ ರ‍್ಯಾಪ್ ಮುಖಕ್ಕೆ ತಾಕಿದರೆ ದುಂಡನೆಯ ಗುಳಿಗಳು ಒತ್ತಿಕೊಂಡು ಉಳಿಯುತ್ತವೆ, ಆದ್ದರಿಂದ ಮುಂಭಾಗಕ್ಕೆ ಏನೂ ಮುಟ್ಟದಂತೆ ಬದಿಪಟ್ಟಿಗೆ ತಿರುಪು ಹಾಕಿದ ಸಾಗಣೆ ಚೌಕಟ್ಟು ಮಾಡಿಸಬೇಕು. ವಾರ್ನಿಶ್ ಬೇಕೆಂದವರಿಗೆ ಆರು ತಿಂಗಳಿಂದ ಒಂದು ವರ್ಷ ಕಾಯಲು ಹೇಳುತ್ತೇನೆ. ಆಯಿಲ್ ಸ್ಟಿಕ್ ಗೆರೆಗಳಿದ್ದರೆ ಬೇಡವೆನ್ನುತ್ತೇನೆ, ದ್ರಾವಕಕ್ಕೆ ಮೇಣ ಕರಗಿ ಕಪ್ಪು ಹರಡುತ್ತದೆ. ತೂಗುವಾಗ ಚಿತ್ರದ ನಡುಮಧ್ಯ ನೆಲದಿಂದ 145–150 ಸೆಂ.ಮೀ. ಎತ್ತರಕ್ಕೆ ಬರಲಿ, ದೀಪ ಒಂದೇ ಕಡೆಯಿಂದ ಬೀಳಲಿ. ಎರಡೂ ಕಡೆ ದೀಪ ಹಾಕಿದರೆ ರೆಪ್ಪೆಯ ಏಣಿನ ನೆರಳು ಸತ್ತು ಕಣ್ಣು ಚಪ್ಪಟೆಯಾಗುತ್ತದೆ.