ಸೆಲ್ಫ್ ಹೊಡೆದರೆ ಆರುವ ಫಿಶ್ ಫೈಂಡರು

ಬೈತಖೋಲ ಬಂದರಿನ ಟ್ರಾಲ್ ಬೋಟಿನ ತಾಂಡೇಲರೊಬ್ಬರು (ಬೋಟು ನಡೆಸುವವರು) ಅದೇ ಫಿಶ್ ಫೈಂಡರನ್ನು, ಅಂದರೆ ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ಮೀನು ತೋರಿಸುವ ಸೆಟ್ಟನ್ನು, ಮೂರನೇ ಸಲ ಕಾರವಾರದ ನನ್ನ ಅಂಗಡಿಗೆ ತಂದಿದ್ದರು. ಇಂಜಿನ್ನಿಗೆ ಸೆಲ್ಫ್ ಹೊಡೆದರೆ ಪರದೆ ಆರುತ್ತದೆ, ಮತ್ತೆ ಮೊದಲಿನಿಂದ ಶುರು. ನನ್ನ ಮೇಜಿನ ಮೇಲೆ ಮಾತ್ರ ಇಡೀ ದಿನ ನಡೆಯುತ್ತದೆ.

"ನಿಮ್ಮ ಅಂಗಡೀಲಿ ಸೆಲ್ಫ್ ಇಲ್ವಲ್ಲ ಮಾರಾಯ್ರೇ, ಬೋಟಿಗೇ ಬನ್ನಿ" ಎಂದರು. ಹೋದೆ.

ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಂಕಿ ಬದಲಿಸುತ್ತದೆ. ಅದಕ್ಕೆ ಏನೂ ಸಿಗಲಿಲ್ಲ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ ಆಸಿಲೋಸ್ಕೋಪು; ನನ್ನ ಹಳೆಯ ಪಿಕ್ಚರ್ ಟ್ಯೂಬಿನ ಸ್ಕೋಪು ಮತ್ತೆ ಮತ್ತೆ ಬರುವ ಅಲೆಯನ್ನಷ್ಟೇ ನಿಲ್ಲಿಸಿ ತೋರಿಸೀತು. ಒಮ್ಮೆ ಬಂದು ಹೋದದ್ದು ಮಿಂಚಿದ ಹಾಗೆ, ಅಷ್ಟೇ.

ಈಗಿನ ಸ್ಕೋಪು ಡಿಜಿಟಲ್, ಒಮ್ಮೆ ಬಂದು ಹೋದದ್ದನ್ನೂ ಅಳೆದು ಮೆಮೊರಿಯಲ್ಲಿ ಹಿಡಿದಿಡುತ್ತದೆ. ಚಿಪ್ಪುಗಳು ದಟ್ಟವಾದದ್ದರಿಂದ ಇದು ಸಾಧ್ಯವಾಯಿತು. 1971ರ ಇಂಟೆಲ್ 4004 ಚಿಪ್ಪಿನಲ್ಲಿದ್ದದ್ದು 2,300 ಟ್ರಾನ್ಸಿಸ್ಟರ್. 2020ರ ಆಪಲ್ ಎಂ1ರಲ್ಲಿ 1,600 ಕೋಟಿ. ಆ ದಟ್ಟಣೆಯ ಪಾಲು ನನಗೂ ಬಂದಿದೆ: ಸೆಕೆಂಡಿಗೆ 100 ಕೋಟಿ ಸಲ ಅಳೆಯುವ ಚಿಪ್ಪು, 2.4 ಕೋಟಿ ಅಳತೆ ಹಿಡಿಯುವ ಮೆಮೊರಿ. ಬೋರ್ಡುಗಟ್ಟಲೆ ಬೇಕಿದ್ದ ಕೆಲಸ ಕೆಲವೇ ಚಿಪ್ಪಿಗೆ ಇಳಿದದ್ದರಿಂದಲೇ ಇದು ರಿಪೇರಿಯವನ ಕೈಗೆಟುಕಿತು. ರೋಗಕ್ಕೂ ಅದೇ ಮೂಲ ಅನ್ನಿ. ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಹಳೆಯ ಫಿಶ್ ಫೈಂಡರು, ಅಂದರೆ ಎಕೋ ಸೌಂಡರು, ನಾಲ್ಕು ಗೆರೆ ತಪ್ಪಿಸಿ ಮುಂದುವರಿಯುತ್ತಿತ್ತು. ಈಗಿನದರೊಳಗೆ ಕೂತ ಕಂಪ್ಯೂಟರು ವೋಲ್ಟೇಜ್ ಕ್ಷಣ ಕುಸಿದರೂ ರೀಸೆಟ್.

ಸ್ಕೋಪಿಗೆ ಬೇರೆ ಬ್ಯಾಟರಿಯ ಇನ್ವರ್ಟರ್ ಕೊಟ್ಟೆ. ಬೋಟಿನದ್ದೇ ಕೊಟ್ಟರೆ ಅದೂ ಜೊತೆಗೇ ಆರೀತು! ಸ್ಕೋಪಿನ ಒಂದು ಪ್ರೋಬು (ಅಳೆಯುವ ಕಡ್ಡಿ) ಸೆಟ್ಟಿನ ಪವರ್ ವೈರಿಗೆ, ಇನ್ನೊಂದು ಬ್ಯಾಟರಿಯ ಗೂಟಕ್ಕೆ. ಟ್ರಿಗರ್ 9 ವೋಲ್ಟಿಗೆ, ಇಳಿಯುವ ಅಂಚಿಗೆ, ಸಿಂಗಲ್: ಸೆಟ್ಟಿನ ವೋಲ್ಟೇಜ್ ಒಂಬತ್ತರ ಕೆಳಗೆ ಇಳಿದ ಕ್ಷಣ ಒಂದೇ ಚಿತ್ರ ಹಿಡಿದು ನಿಲ್ಲಲಿ ಎಂದು. ಪೂರ್ತಿ ವೇಗದಲ್ಲಿ ಮೆಮೊರಿ 24 ಮಿಲಿಸೆಕೆಂಡಿಗೇ ತುಂಬುತ್ತದೆ, ಹಾಗಾಗಿ ವೇಗ ಇಳಿಸಿ, ಪರದೆಯ ಒಂದೊಂದು ಚೌಕಕ್ಕೆ 100 ಮಿಲಿಸೆಕೆಂಡ್ ಇಟ್ಟೆ.

ಮೊದಲ ಚಿತ್ರದಲ್ಲೇ ಏಮಾರಿದೆ. ಮೆಮೊರಿ ಕನಿಷ್ಠಕ್ಕಿಟ್ಟು ಮರೆತಿದ್ದೆ; ಅಳತೆ ವಿರಳವಾಗಿ, ಸೆಟ್ಟಿನೊಳಗಿನ ಸ್ವಿಚಿಂಗ್ ಪವರ್ ಸಪ್ಲೈಯ ವೇಗದ ಅಲೆ ನಿಧಾನದ ಏರಿಳಿತದಂತೆ ಕಂಡಿತು. ಇಲ್ಲದ ದೆವ್ವದ ಹಿಂದೆ ಅರ್ಧ ಗಂಟೆ. ಮೆಮೊರಿ ಪೂರ್ತಿ ಬಿಟ್ಟ ಮೇಲೆ ತಿಳಿಯಿತು: ಸೆಟ್ಟಿನ ವೈರಿನಲ್ಲಿ 12.6 ವೋಲ್ಟ್ 6.8ಕ್ಕೆ ಬೀಳುತ್ತಿದೆ, ಗೂಟದ ಮೇಲೆ 10.6ಕ್ಕೆ ಮಾತ್ರ. ಅಂದರೆ ನಡುವೆ ಎಲ್ಲೋ ಕೆಟ್ಟ ಜೋಡಣೆ ವೋಲ್ಟೇಜ್ ತಿನ್ನುತ್ತಿದೆ.

ಸ್ಟಾರ್ಟರಿಗೂ ಸೆಟ್ಟಿಗೂ ಒಂದೇ ಲಗ್ (ವೈರನ್ನು ಗೂಟಕ್ಕೆ ಕೂರಿಸುವ ಲೋಹದ ತುದಿ). ಬಿಚ್ಚಿದರೆ ಉಪ್ಪುಗಾಳಿಗೆ ಹಸಿರು ಕಿಲುಬು. ಗೂಟ ಉಜ್ಜಿ, ಹೊಸ ಲಗ್ ಒತ್ತಿ, ಗ್ರೀಸ್ ಹಚ್ಚಿ ಮತ್ತೆ ಸೆಲ್ಫ್ ಹೊಡೆಸಿದೆ. ಸೆಟ್ಟಿನ ವೈರಿನಲ್ಲಿ ವೋಲ್ಟೇಜ್ 10.4ಕ್ಕೆ ನಿಂತಿತು, ಪರದೆ ಆರಲಿಲ್ಲ.

ತಾಂಡೇಲರು ಎರಡೂ ಚಿತ್ರ ಫೋನಿನಲ್ಲಿ ತೆಗೆದುಕೊಂಡರು, ವೈರಿಂಗ್ ಮಾಡಿದವನಿಗೆ ತೋರಿಸಲು.